ಉಳಿಸಿದ ಹೊತ್ತನ್ನು ಎಲ್ಲಿಡುವುದು?

ನಮ್ಮ ಸೀಮೆಯ ಬಸ್ ಕಂಡಕ್ಟರುಗಳಷ್ಟು ಹೊತ್ತು ಉಳಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಗರಿಬೊಮ್ಮನಹಳ್ಳಿ ಎಂಬ ಹೆಸರನ್ನು ಅವರ ಬಾಯಿಂದ ಪೂರ್ತಿಯಾಗಿ ಕೇಳಿದ ಪುಣ್ಯವಂತರು ಯಾರಾದರೂ ಇದ್ದರೆ ನನಗೆ ತಿಳಿಸಬೇಕು. 'ಹಳ್ಳಿ, ಹಳ್ಳಿ, ಹಳ್ಳಿ' ಎಂದು ಕೂಗುತ್ತಾರೆ. ಹೊಸಬರು ಯಾರಾದರೂ ಯಾವ ಹಳ್ಳಿ ಎಂದು ಕೇಳಿದರೆ 'ಅದ ರೀ, ಹಳ್ಳಿ' ಎನ್ನುತ್ತಾರೆ. ಹೂವಿನಹಡಗಲಿಯ ಹೂವನ್ನು ಎಂದೋ ಉದುರಿಸಿ ಬರೀ ಹಡಗಲಿ ಮಾಡಿದ್ದಾರೆ. ಹರಪನಹಳ್ಳಿಯನ್ನೂ ಹಳ್ಳಿ ಎಂದರೆ ಜನ ದಿಕ್ಕು ತಪ್ಪುತ್ತಾರೆಂಬ ಒಂದೇ ಕಾರಣಕ್ಕೆ ಆ ಊರಿಗೆ ಮಾತ್ರ ಪೂರ್ತಿ ಹೆಸರಿನ ಭಾಗ್ಯ ಉಳಿದಿದೆ. ಇಷ್ಟೆಲ್ಲ ಉಳಿಸಿದ ಹೊತ್ತನ್ನು ಕಂಡಕ್ಟರು ಏನು ಮಾಡುತ್ತಾನೆಂದು ನಾನು ಬಹಳ ದಿನ ಗಮನಿಸಿ ನೋಡಿದ್ದೇನೆ. ಬಸ್ಸು ಹೊರಡಬೇಕಾದ ಹೊತ್ತಿಗೆ ಅವನು ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಿಂತು ಇನ್ನೊಬ್ಬ ಕಂಡಕ್ಟರಿನ ಜೊತೆ ಮಾತಾಡುತ್ತಿರುತ್ತಾನೆ.

ಅವನನ್ನು ಬೈದುಕೊಳ್ಳುತ್ತಾ ಬಸ್ಸಿನೊಳಗೆ ಕೂತಿರುವವಳು ನಾನು. ನಮ್ಮ ಮನೆ ಇರುವುದು ಕೊಟ್ಟೂರಿನಲ್ಲಿ, ನೌಕರಿ ಇರುವುದು 'ಹಳ್ಳಿ'ಯ ಒಂದು ಕಾಲೇಜಿನ ಕಚೇರಿಯಲ್ಲಿ, ಗುಮಾಸ್ತಳಾಗಿ. ದಿನಾ ಹೋಗಿ ಬರುತ್ತೇನೆ. ಬಸ್ಸಿನಲ್ಲಿ ಸುಮ್ಮನೆ ಕೂರುವುದು ನನಗೆ ಆಗುವುದಿಲ್ಲ. ಬೆಳ್ಳುಳ್ಳಿ ಸುಲಿಯುತ್ತೇನೆ. ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು. ಹೀಗೆ ಹೊತ್ತು ಉಳಿಸುವ ಚಟ ನನಗೆ ಹತ್ತಿ ಬಹಳ ವರ್ಷಗಳಾದವು. ಎಲೆ ಅಡಿಕೆಯ ಚಟವಾಗಿದ್ದರೆ ಮನೆಯವರು ಬಿಡಿಸಲು ನೋಡುತ್ತಿದ್ದರು. ಇದನ್ನು ಅವರು 'ಆಕಿ ಭಾಳ ಚುರುಕದಾಳ' ಎಂದು ಹೊಗಳಿ ಬೆಳೆಸಿಬಿಟ್ಟರು.

ಭಾನುವಾರ ನಮ್ಮ ಮನೆಯಲ್ಲಿ ವಾರದ ಉಳಿದ ದಿನಗಳೆಲ್ಲ ಒಟ್ಟಿಗೆ ನಡೆಯುತ್ತವೆ. ಶೇಂಗಾ ಹುರಿದು ಚಟ್ನಿಪುಡಿ ಕುಟ್ಟುವುದು, ಒಣಕೊಬ್ಬರಿ ತುರಿಯುವುದು, ಮೆಣಸಿನಕಾಯಿಯ ತೊಟ್ಟು ಮುರಿದಿಡುವುದು, ಕಾಳುಗಳನ್ನು ಹಸನು ಮಾಡಿ ದಿನಕ್ಕೊಂದು ಡಬ್ಬಿಯಂತೆ ಹಚ್ಚಿಡುವುದು. ಸೀರೆ, ಅದರ ಜಂಪರು, ಅದರ ಲಂಗ, ಮೂರನ್ನೂ ಸೇರಿಸಿ ಒಂದು ಗಂಟು. ಅಂಥ ಗಂಟುಗಳು ಕಪಾಟಿನಲ್ಲಿ ಸಾಲಾಗಿ ಕೂತಿರುತ್ತವೆ. ಬೆಳಗ್ಗೆ ಎದ್ದವಳು ಯೋಚಿಸುವ ಕೆಲಸವಿಲ್ಲ, ಮೇಲಿನ ಗಂಟನ್ನು ಎಳೆದುಕೊಂಡರೆ ಸಾಕು. ಯಾರದೋ ಮನೆಯ ಗೃಹಪ್ರವೇಶಕ್ಕೆ ಹೋಗುವ ದಿನ ಕೂಡ ನಾನು ಮೇಲಿನ ಗಂಟನ್ನೇ ಎಳೆದುಕೊಂಡು ಹೋಗಿದ್ದೆ. ಅಂದು ಎಲ್ಲರೂ ರೇಷ್ಮೆ ಉಟ್ಟಿದ್ದರು.

ಇದನ್ನೆಲ್ಲ ಪಡಸಾಲೆಯಲ್ಲಿ ಕೂತು ನೋಡುವ ನನ್ನ ಅತ್ತೆ ಒಂದು ಭಾನುವಾರ ಕೇಳಿದರು: "ಯವ್ವಾ, ವಾರದ ಕೆಲಸೆಲ್ಲಾ ಒಂದ ದಿನಕ್ಕ ಮಾಡಿ ಮುಗಸ್ತಿ. ಖರೆ. ಇದ್ದ ಒಂದು ಸೂಟಿ ಎಲ್ಲಿ ಹೋತು ಅದನ್ನ ಹೇಳು."

ರಜೆ ಎಲ್ಲಿ ಹೋಯಿತೆಂದು ಯೋಚಿಸದೆ ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಇದ್ದೆ. ಉತ್ತರ ಕೊಡಲು ಹೊತ್ತಿರಲಿಲ್ಲ.

ಅಚ್ಚುಕಟ್ಟು ಎಂಬುದಕ್ಕೆ ಇನ್ನೊಂದು ಗುಣವಿದೆ, ಅದನ್ನು ನಿಮಗೂ ಹೇಳಿರುತ್ತೇನೆ. ಅಡ್ಡಾದಿಡ್ಡಿಯಾಗಿ ಬಿದ್ದ ಸಾಮಾನು ಕಾಲಿಗೆ ತೊಡರಿಯಾದರೂ ಸಿಗುತ್ತದೆ. ಬೇಗ ಸಿಗಲೆಂದು ಜೋಪಾನವಾಗಿ ಎತ್ತಿಟ್ಟದ್ದು ಮಾತ್ರ ಸಿಗುವುದೇ ಇಲ್ಲ. ನಮ್ಮ ಕಡೆ ಛತ್ರಿ ಬಿಚ್ಚುವಂಥ ಮಳೆ ಅಪರೂಪ. ಆದ್ದರಿಂದ ಅದಕ್ಕೊಂದು ಬಹಳ ಯೋಗ್ಯವಾದ ಜಾಗ ಗೊತ್ತು ಮಾಡಿ ಇಟ್ಟಿದ್ದೇನೆ. ಮಳೆ ಬಂದಾಗ ಆ ಯೋಗ್ಯವಾದ ಜಾಗ ಯಾವುದೆಂದು ನೆನಪಾಗುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಿದ್ದಿರುತ್ತದೆ. ಆ ಛತ್ರಿ ಇನ್ನೂ ಹೊಸದಾಗಿಯೇ ಇದೆ ಎಂದು ನಂಬಿದ್ದೇನೆ.

ಹಿಂದಿನ ಕಾಲದಲ್ಲಿ ಗಳಿಗೆ ಬಟ್ಟಲು ಎಂದು ಒಂದಿತ್ತಂತೆ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ ಎಂದು ಲೆಕ್ಕ. ಮುಹೂರ್ತ ತಪ್ಪಬಾರದೆಂದು ಒಬ್ಬ ಅದರ ಮುಂದೆ ಕಣ್ಣು ಮಿಟುಕಿಸದೆ ಕೂತಿರಬೇಕಿತ್ತು. ಅಂದರೆ ಊರ ಹೊತ್ತನ್ನು ಅಳೆಯುವುದರಲ್ಲಿ ಅವನ ಹೊತ್ತೆಲ್ಲ ನೀರಿನಲ್ಲಿ ಮುಳುಗಿ ಹೋಗುತ್ತಿತ್ತು. ನನ್ನ ಭಾನುವಾರಗಳನ್ನು ನೆನೆದಾಗ ಆ ಪುಣ್ಯಾತ್ಮ ನನ್ನ ಬಂಧುವೇ ಇರಬೇಕೆನಿಸುತ್ತದೆ. ಹಾಗೆಯೇ ನಮ್ಮ ಕಡೆಯ ಹಳೆಯ ಶಾಸನಗಳು. ಕೋಗಳಿಯ ಬಸದಿಗೆ ಒಮ್ಮೆ ಮಗಳನ್ನು ಕರೆದುಕೊಂಡು ಹೋದಾಗ, ಶಾಸನಗಳ ರೀತಿಯೇ ಹೀಗೆ ಎಂದು ಬಲ್ಲವರೊಬ್ಬರು ವಿವರಿಸಿದ್ದರು. ಮೊದಲಿಗೆ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಕೂದಲು ಸೀಳಿದಂತೆ ಹೊತ್ತನ್ನು ಹೇಳುತ್ತಾರೆ. ಕೊನೆಗೆ, ಈ ದಾನ ಎಷ್ಟು ದಿನ ನಡೆಯಬೇಕು ಎನ್ನುವಲ್ಲಿ, ಸೂರ್ಯ ಚಂದ್ರರು ಇರುವವರೆಗೆ ಎಂದು ಕೈ ಬಿಡುತ್ತಾರೆ. ಕೇಳಿದ ಕೂಡಲೆ ನನಗೆ ನಮ್ಮ ಅಂಗಡಿ ನೆನಪಾಯಿತು. ಅದೂ ಇದೇ ಜಾತಿಯದು. ತೆರೆಯುವ ಹೊತ್ತು ಎಲ್ಲರಿಗೂ ಗೊತ್ತು, ಮುಚ್ಚುವುದು ಮಾತ್ರ ಆಚಂದ್ರಾರ್ಕ.

ಅಂಗಡಿ ನಮ್ಮವರದು. ಅವರ ಹೆಸರು ಕೊಟ್ರೇಶ. ಕೊಟ್ಟೂರಿನ ಬಜಾರದಲ್ಲಿ ನಿಂತು ಈ ಹೆಸರು ಕೂಗಿದರೆ ಅರ್ಧ ಬಜಾರ ತಿರುಗಿ ನೋಡುತ್ತದೆ, ಆದ್ದರಿಂದ ಹೆಸರು ಹೇಳಿದ್ದಕ್ಕೆ ಅವರ ಗುಟ್ಟು ಬಯಲಾಗುವ ಭಯವಿಲ್ಲ. ಮಾವನವರ ಕಾಲದ ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಚಿಲಕ, ಕೀಲು, ನಟ್ಟು ಬೋಲ್ಟು, ಬೇಲಿಯ ತಂತಿ, ಕುರಿಹಟ್ಟಿಗೆ ಕಟ್ಟುವ ಜಾಲರಿ, ಬೋರಿನ ಪೈಪಿಗೆ ಹಾಕುವ ಹತ್ತೆಂಟು ಬಗೆಯ ಸಣ್ಣಪುಟ್ಟ ಸಾಮಾನು. ಅಲ್ಲಿ ಸಿಗದ ವಸ್ತುವಿಲ್ಲ. ಆದರೆ ಬೇಗ ಸಿಗುವ ವಸ್ತುವೂ ಇರಲಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷ ನಾನು ಹೊತ್ತು ಉಳಿಸಿದ್ದು ಯಾತಕ್ಕೆ ಎಂದು ನನ್ನನ್ನು ನಾನು ಕೇಳಿಕೊಂಡದ್ದು ಮಗಳು ದಾವಣಗೆರೆಯ ಹಾಸ್ಟೆಲ್ಲಿಗೆ ಹೋದ ಮೇಲೆ. ಅಲ್ಲಿಯವರೆಗೆ ಅವಳ ಜಡೆ, ಅವಳ ಡಬ್ಬಿ, ಅವಳ ಓದು, ಎಷ್ಟು ಉಳಿಸಿದರೂ ಸಾಲುತ್ತಿರಲಿಲ್ಲ. ಅವಳು ಹೋದಳು. ಅತ್ತೆ ಹೊತ್ತು ಮುಳುಗುವಷ್ಟರಲ್ಲಿ ಉಂಡು ಮಲಗುವವರು. ನಾನು ಬೆಳಗ್ಗೆ ಹೊರಡುವಾಗ ನಮ್ಮವರು ಅಂಗಡಿಯ ಬಾಗಿಲೆತ್ತುತ್ತಿರುತ್ತಾರೆ. ರಾತ್ರಿ ಅವರು ಬಾಗಿಲೆಳೆದು ಬರುವಷ್ಟರಲ್ಲಿ ನಾನು ಉಂಡು ತೂಕಡಿಸುತ್ತಿರುತ್ತೇನೆ. ಅವರ ಊಟ ಮುಚ್ಚಿಟ್ಟ ಗಂಗಾಳದಲ್ಲಿ. ಒಂದೇ ಮನೆಯಲ್ಲಿದ್ದುಕೊಂಡು ನಾವಿಬ್ಬರೂ ಎದುರುಬದುರು ಕೂತು ಉಂಡದ್ದು ಹಬ್ಬಕ್ಕೋ ಅಮಾವಾಸ್ಯೆಗೋ ಅನ್ನುವಂತಾಗಿತ್ತು. ಒಂದು ಸಂಜೆ ಒಬ್ಬಳೇ ತಾಟಿನ ಮುಂದೆ ಕೂತಾಗ ನನಗೆ ತಟ್ಟನೆ ಅಳು ಬಂತು. ನನಗೆ ಬೇಕಾದದ್ದು ಅವರ ಜೊತೆ ಕೂತು ಉಣ್ಣುವ ಒಂದು ತಾಸು. ಅಷ್ಟೇ. ಅದನ್ನು ಹೇಗಾದರೂ ಮಾಡಿ ಉಳಿಸಬೇಕೆಂದು ಅಂದೇ ನಿಶ್ಚಯ ಮಾಡಿದೆ.

ಮೊದಲು ನನ್ನ ಕಡೆಯಿಂದ ಶುರು ಮಾಡಿದೆ. ಕಚೇರಿಯ ಕಪಾಟುಗಳನ್ನೆಲ್ಲ ಇಳಿಸಿ, ಧೂಳು ಕೊಡವಿ, ಹೊಸ ಪ್ರವೇಶದ ಕಾಗದಕ್ಕೊಂದು ಬಣ್ಣದ ದಾರ, ವರ್ಗಾವಣೆಯವಕ್ಕೊಂದು ಬಣ್ಣ, ವಿದ್ಯಾರ್ಥಿವೇತನಕ್ಕೊಂದು ಬಣ್ಣ ಕಟ್ಟಿದೆ. ಕಪಾಟು ನೋಡಿದವರು ಮದುವೆ ಮಂಟಪ ಎಂದರು. ಕೇಳಿದ ಕಾಗದ ಕೇಳಿದ ಗಳಿಗೆಗೆ ಸಿಗತೊಡಗಿತು. ಸಂಜೆಗೆ ಬಹಳ ಮುಂಚೆಯೇ ನನ್ನ ಮೇಜು ಖಾಲಿ. ಒಂದು ಬಸ್ಸು ಮುಂಚೆ ಹಿಡಿಯಬಹುದೆಂದು ಚೀಲ ಹೆಗಲಿಗೇರಿಸಿದೆ. ಖಾಲಿ ಮೇಜು ನಮ್ಮ ಸೂಪರಿಂಟೆಂಡೆಂಟರ ಕಣ್ಣಿಗೆ ಬಿತ್ತು.

"ಗಿರಿಜಾ ಮೇಡಂ, ನಿಮ್ದು ಮುಗದೈತಲ್ಲ. ಇದನ್ನೊಂಚೂರು ನೋಡಿಬಿಡ್ರಿ" ಎಂದು ಪಕ್ಕದ ಮೇಜಿನವರ ಫೈಲನ್ನು ತಂದಿಟ್ಟರು. ಪಕ್ಕದ ಮೇಜಿನವರು ನಕ್ಕರು.

ಮಾಡುವವರಿಗೇ ಕೆಲಸ ಎಂಬ ಮಾತನ್ನು ಕಚೇರಿ ಕಟ್ಟಿದವನೇ ಹುಟ್ಟಿಸಿರಬೇಕು. ಕೆಲವು ದಿನ ಹೀಗೆ ನಡೆದ ಮೇಲೆ ನಾನೂ ಬುದ್ಧಿ ಕಲಿತೆ. ಕೆಲಸ ಮುಗಿದರೂ ಎರಡು ಫೈಲು ಬಿಚ್ಚಿ ಹರಡಿ, ಪೆನ್ನಿನ ಮುಚ್ಚಳ ತೆಗೆದಿಟ್ಟು, ಹುಬ್ಬು ಗಂಟಿಕ್ಕಿ ಕೂರುವುದನ್ನು ರೂಢಿ ಮಾಡಿಕೊಂಡೆ. ಬಸ್ಸಿನ ಹೊತ್ತಾದ ಕೂಡಲೆ ಮುಚ್ಚಿ ಎದ್ದರಾಯಿತು. ಅಚ್ಚುಕಟ್ಟಾದ ಹೆಂಗಸು ಅಚ್ಚುಕಟ್ಟಾಗಿಲ್ಲದಂತೆ ನಟಿಸುವುದಕ್ಕೂ ಒಂದು ಅಚ್ಚುಕಟ್ಟು ಬೇಕು. ಅಂತೂ ಒಂದು ಬಸ್ಸು ಮುಂಚೆ ಮನೆ ಸೇರತೊಡಗಿದೆ.

ಇನ್ನು ಅವರ ಕಡೆಯದು. ಒಂದು ಅಮಾವಾಸ್ಯೆಯ ದಿನ, ಅಂಗಡಿ ಮುಚ್ಚಿದ್ದಾಗ, ಹೋಳಿಗೆ ಬಡಿಸುತ್ತಾ ಕೇಳಿದೆ.

"ಸಂಜಿಕಿ ಲಗೂನ ಮನಿಗೆ ಬರಾಕ ಆಗಂಗಿಲ್ಲೇನ್ರಿ?"

"ನನಗೇನು ಅಲ್ಲೇ ಕುಂದ್ರಬೇಕಂತ ಆಸಿನಾ?" ಎಂದರು ಅವರು. "ಒಂದು ವಾಷರ್ ಬೇಕಂತಾರ. ಅದನ್ನ ಹುಡುಕೋದ್ರಾಗ ಅರ್ಧ ತಾಸು ಹೋಗ್ತೈತಿ. ಇನ್ನೊಬ್ಬಾತ ಬಂದು ಚಿಲಕ ಅಂತಾನ."

ಇದನ್ನು ಕೇಳಿ ನನಗಾದ ಸಂತೋಷ ಹೇಳತೀರದು. ಹೊತ್ತು ಎಲ್ಲಿ ಸೋರುತ್ತಿದೆ ಎಂದು ಗೊತ್ತಾಯಿತಲ್ಲ. ಸೋರುವ ಜಾಗಕ್ಕೆ ಮದ್ದು ನನ್ನ ಹತ್ತಿರವೇ ಇದೆ.

ಹರಪನಹಳ್ಳಿಯಲ್ಲಿ ಅವರ ಗೆಳೆಯನ ಮನೆಯ ಮದುವೆ ಬಂತು. ಅವರು ಅತ್ತ ಹೋದರು, ನಾನು ಕಚೇರಿಗೆ ರಜೆ ಹಾಕಿ ಅಂಗಡಿಯ ಬೀಗ ತೆಗೆದೆ. ನೋಡಿಕೊಳ್ಳಲೆಂದು ಅತ್ತೆ ಬಂದು ಬೆಂಚಿನ ಮೇಲೆ ಕೂತರು. ಅವರು ನೋಡಿಕೊಂಡದ್ದು ಅಂಗಡಿಯನ್ನಲ್ಲ, ನನ್ನನ್ನು. ಒಂದೊಂದು ಡಬ್ಬಿ ಎತ್ತಿದಾಗಲೂ "ಅದು ನಿಮ್ಮ ಮಾವಾರು ಇಟ್ಟ ಜಾಗ" ಎನ್ನುತ್ತಿದ್ದರು. ಮಾವನವರ ಮೇಲೆ ನನಗೆ ಗೌರವವಿದೆ, ಆದರೆ ಮೊಳೆಯ ಡಬ್ಬಿಯೊಳಗೆ ಕುಂಕುಮದ ಭರಣಿ, ಕುಂಕುಮದ ಭರಣಿಯೊಳಗೆ ಮೊಳೆ ಇಟ್ಟವರನ್ನು ಎಲ್ಲ ವಿಷಯದಲ್ಲೂ ಅನುಸರಿಸಲಾಗುವುದಿಲ್ಲ. ಎಲ್ಲವನ್ನೂ ಇಳಿಸಿದೆ. ಇಂಚಿನಂತೆ ಬೇರೆ ಬೇರೆ ಮಾಡಿದೆ. ಕಂಪನಿಯವರು ಪೊಟ್ಟಣದ ಮೇಲೆ ಅಚ್ಚು ಮಾಡಿದ ಹೆಸರುಗಳನ್ನೇ ದುಂಡಗೆ ಬರೆದು ಅಂಟಿಸಿ, ಅಕಾರಾದಿಯಾಗಿ ಜೋಡಿಸಿದೆ. ಎಲ್ಲ ಮುಗಿದ ಮೇಲೆ ದೂರ ನಿಂತು ನೋಡಿದರೆ ಅಂಗಡಿ ಗ್ರಂಥಾಲಯದಂತೆ ಕಾಣುತ್ತಿತ್ತು. ನನಗೆ ನನ್ನ ಮೇಲೆಯೇ ಪ್ರೀತಿ ಬಂತು.

ಮಾರನೆಯ ಸಂಜೆ ಹಾಲಪ್ಪ ಬಂದ. ಹಾಲಪ್ಪ ಚಿಗಟೇರಿಯ ಕಡೆಯವನು, ಹೊಲ ಮಾಡಿ ಕುರಿ ಸಾಕಿದವನು, ನಮ್ಮ ಅಂಗಡಿಯ ಹಳೆಯ ಗಿರಾಕಿ. ಅವನು ಟವೆಲ್ಲಿನ ತುದಿಯ ಗಂಟು ಬಿಚ್ಚಿ ಮುರಿದ ಕೀಲಿನ ಒಂದು ಚೂರನ್ನು ತೆಗೆದು ಕೌಂಟರಿನ ಮೇಲೆ ಇಟ್ಟ. "ಮರಿ ಗೂಡಿನ ಬಾಗ್ಲದ್ದು. ಇಂಥಾದ್ದ ಬೇಕ್ರಿ, ಸಾವ್ಕಾರ್ರ" ಎಂದ.

ನಮ್ಮವರು ತಿರುಗಿದರು. ತಿರುಗಿ ಹಾಗೇ ನಿಂತರು. ಆ ಕೀಲು ಎಷ್ಟು ಇಂಚಿನದೆಂದು ಅವರಿಗೆ ಗೊತ್ತಿರಲಿಲ್ಲ. ಕಂಪನಿಯವರು ಅದಕ್ಕೇನು ಹೆಸರಿಟ್ಟಿದ್ದಾರೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಾರದು. ನಮ್ಮ ಸೀಮೆಯಲ್ಲಿ ಸಾಮಾನನ್ನು ಹೆಸರು ಹೇಳಿ ಕೊಳ್ಳುವ ಪದ್ಧತಿಯೇ ಇಲ್ಲ. ಮುರಿದದ್ದನ್ನು ಟವೆಲ್ಲಿನಲ್ಲಿ ಕಟ್ಟಿ ತಂದು 'ಇಂಥಾದ್ದು' ಎನ್ನುತ್ತಾರೆ. ನಮ್ಮವರೂ ಹಾಗೆಯೇ ನೆನಪಿಟ್ಟವರು: ಇದು ಬಂಡಿಯದು, ಇದು ಬೋರಿನದು, ಇದು ಕುರಿಯವರದು. ನಾನು ಕುರಿಯವರ ಕೀಲನ್ನೂ ಕಿಟಕಿಯ ಕೊಂಡಿಯನ್ನೂ ಒಂದೇ ಅಕ್ಷರವೆಂದು ಒಂದೇ ಸಾಲಿಗೆ ಸೇರಿಸಿದ್ದೆ. ಸುದ್ದಿ ಬಂದು ನಾನು ಓಡಿಹೋಗಿ ನೋಡಿದರೆ ಮೂವರೂ ಡಬ್ಬಿ ತಡಕುತ್ತಿದ್ದರು. ಮೂರನೆಯವರು ಪಕ್ಕದ ಅಂಗಡಿಯವರು. ನಾಲ್ಕನೆಯವಳಾಗಿ ನಾನೂ ಸೇರಿಕೊಂಡೆ. ಕೀಲು ಸಿಗುವಷ್ಟರಲ್ಲಿ ಹಾಲಪ್ಪನ ಕೊನೆಯ ಬಸ್ಸು ಹೋಗಿತ್ತು. ಅವನು ನಮ್ಮ ಮನೆಯಲ್ಲೇ ಉಂಡು ಪಡಸಾಲೆಯಲ್ಲಿ ಮಲಗಿದ. "ಚಲೋ ಆತು ಬಿಡ್ರಿ, ಅಕ್ಕಾರ ಕೈ ಸಾರು ಉಂಡು ಭಾಳ ದಿನ ಆಗಿತ್ತು" ಎಂದು ಅವನೇ ನನಗೆ ಸಮಾಧಾನ ಹೇಳಿದ.

ನಮ್ಮವರು ಬೈಯಲಿಲ್ಲ. ಅವರು ಬೈಯುವ ಜಾತಿಯಲ್ಲ, ಮಾತು ಬಿಡುವ ಜಾತಿ. ಬಿಟ್ಟರೂ ವ್ಯವಹಾರ ನಿಲ್ಲಬಾರದಲ್ಲ, ಆದ್ದರಿಂದ ಅತ್ತೆಯ ಮೂಲಕ ಕೇಳಿಸುತ್ತಿದ್ದರು. "ಅವ್ವಾ, ಆಕಿನ್ನ ಕೇಳು, ಒಂದಿಂಚಿನ ಮೊಳಿ ಯಾವ ಅಕ್ಷರದಾಗ ಅದಾವಂತ." ಪಕ್ಕದಲ್ಲೇ ನಿಂತಿದ್ದ ನಾನು, "ಅತ್ತಿ, ಮಕಾರದಾಗ ನೋಡಾಕ ಹೇಳ್ರಿ" ಎನ್ನುತ್ತಿದ್ದೆ. ಅತ್ತೆಗೆ ಬೇಸರ ಬಂತು. "ನನಗ ಅಕ್ಷರ ಬರಂಗಿಲ್ಲಪ್ಪ, ನೀವ ಮಾತಾಡಿಕಳ್ರಿ" ಎಂದು ಎದ್ದು ಹೋದರು. ನಾವಿಬ್ಬರೂ ನಕ್ಕುಬಿಟ್ಟೆವು. ಅಲ್ಲಿಗೆ ಮೌನ ಮುಗಿಯಿತು.

ಆಮೇಲೆ ಕೂಡಿಯೇ ಕೂತು ಮತ್ತೊಮ್ಮೆ ಜೋಡಿಸಿದೆವು. ಬೇರೆ ಬೇರೆ ಮಾಡಿ ಸಾಲಾಗಿ ಇಡುವ ಬುದ್ಧಿ ನನ್ನದು, ಯಾರದು ಯಾವುದರ ಪಕ್ಕ ಇರಬೇಕೆಂಬ ಬುದ್ಧಿ ಅವರದು. ಕುರಿಯವರ ಸಾಲು, ಬೋರಿನವರ ಸಾಲು, ಮನೆ ಕಟ್ಟುವವರ ಸಾಲು ಎಂದು ಮಾಡಿದೆವು. ನನ್ನ ದುಂಡು ಅಕ್ಷರದ ಚೀಟಿಗಳನ್ನೆಲ್ಲ ಕಿತ್ತು, ಒಳಗಿರುವ ಸಾಮಾನಿನಲ್ಲಿ ಒಂದನ್ನು ತೆಗೆದು ಡಬ್ಬಿಯ ಹೊರಗೆ ತಂತಿಯಿಂದ ಬಿಗಿದೆವು. ಓದು ಬಂದರೂ ಸರಿ, ಬರದಿದ್ದರೂ ಸರಿ. ಟವೆಲ್ಲಿನ ಚೂರನ್ನು ಡಬ್ಬಿಗಳ ಮುಂದೆ ಹಿಡಿದುಕೊಂಡು ಹೋದರೆ ಜೋಡಿ ತಾನಾಗಿ ಕೂಡುತ್ತದೆ. ನನ್ನ ಅಕ್ಷರ ಹೋದದ್ದಕ್ಕೆ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕೆಲಸ ಮಾತ್ರ ಸೊಗಸಾಗಿ ಆಯಿತು. ಅರ್ಧ ತಾಸು ಹಿಡಿಯುತ್ತಿದ್ದ ವಾಷರ್ ಈಗ ಕೈ ಚಾಚಿದರೆ ಸಿಗುತ್ತದೆ.

ಅಂದಿನಿಂದ ನಾನು ಸಂಜೆ ಎರಡು ತಾಟು ಹಾಕಿ ಕಾಯತೊಡಗಿದೆ. ಅವರು ಬರಲಿಲ್ಲ. ಮರುದಿನವೂ ಇಲ್ಲ. ವಾರ ಕಳೆದರೂ ಅಂಗಡಿ ಮುಚ್ಚುವ ಹೊತ್ತು ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯಲಿಲ್ಲ. ಏನಿದು ವಿಚಿತ್ರ ಎಂದು ಒಂದು ಸಂಜೆ ಹೋಗಿ ಎದುರಿನ ಬಳೆ ಅಂಗಡಿಯಲ್ಲಿ ನಿಂತು ನೋಡಿದೆ. ಗಿರಾಕಿ ಬಂದ, ಸಾಮಾನು ತಕ್ಷಣ ಸಿಕ್ಕಿತು, ಗಿರಾಕಿ ಬೆಂಚಿನ ಮೇಲೆ ಕೂತ. ಮೊದಲಾದರೆ ನಮ್ಮವರು ಏಣಿಯ ಮೇಲೋ ಡಬ್ಬಿಗಳ ಸಂದಿಯಲ್ಲೋ ಇರುತ್ತಿದ್ದರು, ಮಾತಿಗೆ ಸಿಗುತ್ತಿರಲಿಲ್ಲ. ಈಗ ಕೈ ಖಾಲಿ. "ಕುಂದ್ರ್ರಿ, ಚಾ ತರಸ್ತೀನಿ" ಎನ್ನಲು ಬಿಡುವಾಗಿದೆ. ಯಾರ ಹೊಲಕ್ಕೆ ಹದವಾದ ಮಳೆ ಬಿತ್ತು, ಯಾರ ಕುರಿಗೆ ಕಾಲುಬೇನೆ ಬಂತು, ಕೂಡ್ಲಿಗಿಯ ಆಫೀಸಿನಲ್ಲಿ ಯಾರ ಕೆಲಸ ಆಯಿತು, ಯಾರದು ಆಗಲಿಲ್ಲ. ಬೆಂಚು ತುಂಬಿತ್ತು. ನಾನು ಡಬ್ಬಿ ಹೊತ್ತು, ಬೆನ್ನು ನೋಯಿಸಿಕೊಂಡು, ಮಾತಿಲ್ಲದ ದಿನಗಳನ್ನು ಸಹಿಸಿಕೊಂಡು ಉಳಿಸಿದ ಹೊತ್ತನ್ನು ಊರೆಲ್ಲ ಕೂತು ಚಹಾದ ಜೊತೆ ಕುಡಿಯುತ್ತಿತ್ತು.

ರಾತ್ರಿ ಅವರು ಮನೆಗೆ ಬಂದಾಗ ಹೇಳಿದೆ: "ನಾಳಿಂದ ಬೆಂಚಿನವರನ್ನ ಎಬ್ಬಿಸಿ ಬರ್ರಿ."

"ಕುಂತವರಿಗೆ ಏಳ್ರಿ ಅನ್ನಾಕ ಬರತೈತೇನ, ಗಿರಿಜಾ?" ಎಂದರು. ಅವರ ಮುಖದಲ್ಲಿ ತಪ್ಪಿಸಿಕೊಳ್ಳುವ ನೆಪ ಇರಲಿಲ್ಲ. ಅಂಥ ಮಾತು ತಮ್ಮ ಬಾಯಿಂದ ಬರುವುದನ್ನು ಅವರು ನಿಜವಾಗಿಯೂ ಊಹಿಸಲಾರರು. ನನಗೆ ಅವರ ಮೇಲೆ ಸಿಟ್ಟು ಬಂದಷ್ಟೇ ಅಯ್ಯೋ ಎಂದೂ ಅನ್ನಿಸಿತು. ಆದರೆ ಸಿಟ್ಟೇ ಹೆಚ್ಚು.

ಹೀಗಿರುವಾಗ ಅತ್ತೆ ತಮ್ಮ ಮಗಳ ಮನೆಗೆಂದು ಹಡಗಲಿಗೆ ಹೋದರು. ಮನೆಯಲ್ಲಿ ನಾನೊಬ್ಬಳೇ. ಆ ಸಂಜೆ ಬದನೆಕಾಯಿ ಎಣಗಾಯಿ ಮಾಡಿ, ರೊಟ್ಟಿ ಬಡಿದು, ಎರಡು ತಾಟು ಹಾಕಿದೆ. ರೊಟ್ಟಿ ಆರತೊಡಗಿತು. ಬಿಸಿರೊಟ್ಟಿ ಆರುವುದನ್ನು ನೋಡುತ್ತಾ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ನಮ್ಮ ಕಡೆಯ ಹೆಂಗಸಿಗೆ ಬೇರೆ ಇಲ್ಲ. ಎದ್ದೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದೆ, ಪಲ್ಯ, ಚಟ್ನಿ, ಮಜ್ಜಿಗೆ, ಎರಡು ತಾಟು, ಒಂದು ಚೊಂಬು ನೀರು, ಎಲ್ಲವನ್ನೂ ಬುಟ್ಟಿಗೆ ತುಂಬಿ ಬಜಾರದ ದಾರಿ ಹಿಡಿದೆ. ನನ್ನ ಉದ್ದೇಶ ಒಳ್ಳೆಯದಿರಲಿಲ್ಲ. ಬೆಂಚಿನ ತುಂಬ ಕೂತವರ ಎದುರಿಗೆ ಅವರ ಮುಂದೆ ತಾಟು ಕುಕ್ಕಿ, ಎಲ್ಲರಿಗೂ ನಾಚಿಕೆಯಾಗುವಂತೆ ಮಾಡಬೇಕೆಂದೇ ಹೊರಟಿದ್ದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡಿದ್ದೆ.

ಆ ಮಾತುಗಳು ಬೇಕಾಗಲೇ ಇಲ್ಲ. ಕೌಂಟರಿನ ಹಿಂದೆ ಚಾಪೆ ಹಾಸಿ ತಾಟು ಇಟ್ಟೆ. ನಮ್ಮವರು ಕಕ್ಕಾಬಿಕ್ಕಿಯಾಗಿ ಬಂದು ಕೂತರು. ತಾಟಿಗೆ ರೊಟ್ಟಿ ಬಿದ್ದದ್ದೇ ತಡ, ಬೆಂಚಿನವರು ಎದ್ದರು. ನಾನು ರೂಢಿಯಂತೆ "ಬರ್ರಿ, ಒಂದೊಂದು ರೊಟ್ಟಿ ತಿನ್ರಿ" ಎಂದೆ.

"ಆಗೈತ್ರಿ ಅಕ್ಕಾರ, ಈಗರ ಉಂಡು ಬಂದೀವಿ. ನೀವು ಉಣ್ರಿ" ಎಂದರು. ಮಧ್ಯಾಹ್ನದಿಂದ ಅಲ್ಲೇ ಕೂತವರು ಈಗ ಉಂಡು ಬಂದಿರುವುದು ಹೇಗೆ ಎಂದು ಯಾರೂ ಕೇಳಬಾರದು. ಉಣ್ಣುವವರ ಮುಂದೆ ಕೂತು ಬಾಯಿ ನೋಡಬಾರದು, ಅದಕ್ಕೊಂದು ಸುಳ್ಳು ಬೇಕು, ಆ ಸುಳ್ಳಿಗೆ ನಮ್ಮಲ್ಲಿ ಪಾಪವಿಲ್ಲ. ಗಳಿಗೆ ಹೊತ್ತಿನಲ್ಲಿ ಬೆಂಚು ಖಾಲಿಯಾಯಿತು.

ಅಷ್ಟರಲ್ಲಿ ಹಾಲಪ್ಪ ಬಂದ. ನಮ್ಮವರು ಅಭ್ಯಾಸಬಲದಿಂದ ತುತ್ತು ಕೈಯಲ್ಲಿ ಹಿಡಿದೇ ಅರ್ಧ ಎದ್ದರು. ಹಾಲಪ್ಪ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದ.

"ಕುಂದ್ರ್ರಿ, ಕುಂದ್ರ್ರಿ ಸಾವ್ಕಾರ್ರ. ಅನ್ನದ ಮುಂದಿಂದ ಎದ್ದರ ನನಗ ಪಾಪ ಬರತೈತಿ. ನಾ ತಗಂತೀನಿ" ಎಂದ. ಡಬ್ಬಿಗಳ ಮುಂದೆ ತನ್ನ ಚೂರನ್ನು ಹಿಡಿದು ನಡೆದ, ಜೋಡಿ ಕೂಡಿತು, ತೆಗೆದುಕೊಂಡ. "ರೊಕ್ಕ ಇಲ್ಲೇ ಮ್ಯಾಲ ಇಟ್ಟೀನ್ರಿ" ಎಂದು ನಮ್ಮ ಕಡೆ ತಿರುಗಿ ನೋಡದೆ ಹೋದ. ಅವನ ಹಿಂದೆ ಬಂದ ಇನ್ನೊಬ್ಬ ನಮ್ಮ ತಾಟು ಕಂಡವನೇ ಹೊರಗಿನ ಕಟ್ಟೆಯ ಮೇಲೆ ಕೂತು, "ನಿಧಾನಕ್ಕ ಆಗಲ್ರಿ, ನಂದೇನು ಅವಸರಿಲ್ಲ" ಎಂದು ಬಜಾರದ ಕಡೆ ಮುಖ ಮಾಡಿದ.

ನನಗೆ ಆಗ ಹೊಳೆಯಿತು. ನಮ್ಮ ಊರಿನಲ್ಲಿ ಮಲಗಿದವನನ್ನು ಎಬ್ಬಿಸುತ್ತಾರೆ, ಪೂಜೆಗೆ ಕೂತವನನ್ನೂ ಕೂಗುತ್ತಾರೆ, ಕುಂತವನಿಗೆ ಏಳು ಎನ್ನಲಾರದವರೂ ಸಾವಿರ ಕೆಲಸ ಹೇಳುತ್ತಾರೆ. ಆದರೆ ಉಣ್ಣುವವನನ್ನು ತಾಟಿನ ಮುಂದಿಂದ ಯಾರೂ ಎಬ್ಬಿಸುವುದಿಲ್ಲ. ನಾನು ಮನೆಗೆ ತರಲು ಹೆಣಗಾಡುತ್ತಿದ್ದ ಒಂದು ತಾಸು, ಬಜಾರದ ನಡುವೆ, ಬಾಗಿಲು ತೆರೆದಿರುವಾಗಲೇ ನಮ್ಮಿಬ್ಬರದಾಗಿ ಕೂತಿತ್ತು. ತಮಗೆ ಬೇಕಾದದ್ದನ್ನು ತಾವೇ ತೆಗೆದುಕೊಳ್ಳುವಂತೆ ಡಬ್ಬಿಗಳನ್ನು ಜೋಡಿಸಿದ್ದೂ ವ್ಯರ್ಥವಾಗಲಿಲ್ಲ.

ನಮ್ಮವರು ರೊಟ್ಟಿ ಮುರಿಯುತ್ತಾ ಮೆಲ್ಲಗೆ ಅಂದರು: "ಇಷ್ಟು ಬಿಸಿ ಇರ್ತಾವಂತ ಮರ್ತ ಬಿಟ್ಟಿದ್ದೆ."

ನಾನು ಇನ್ನೊಂದು ರೊಟ್ಟಿ ಹಾಕಿದೆ. ಬಜಾರದಲ್ಲಿ ಕೂತು ಕಣ್ಣೊರೆಸಿಕೊಳ್ಳುವುದು ಚೆಂದವಲ್ಲ, ಆದ್ದರಿಂದ ಎಣಗಾಯಿ ಖಾರವಾಗಿದೆ ಎಂದೆ. ಅವರು ಹೌದೆಂದರು. ಖಾರವಾಗಿರಲಿಲ್ಲ.

ಅಂದಿನಿಂದ ಸಂಜೆಯ ಊಟ ಅಂಗಡಿಯಲ್ಲೇ. ಹಡಗಲಿಯಿಂದ ಬಂದ ಅತ್ತೆ ಮೊದಲು ಮೂಗು ಮುರಿದರು, ಈಗ ಬುಟ್ಟಿ ಕಟ್ಟಿಕೊಡುತ್ತಾರೆ. ಅಂಗಡಿ ಮುಚ್ಚುವ ಹೊತ್ತು ಮೊದಲಿನದೇ, ಅದರ ಬಗ್ಗೆ ನಾನು ಕೇಳುವುದನ್ನು ಬಿಟ್ಟಿದ್ದೇನೆ. ಒಟ್ಟು ಲೆಕ್ಕ ಹಾಕಿದರೆ ನಾನು ದಿನದಲ್ಲಿ ಉಳಿಸಿದ ಹೊತ್ತು ಏನೂ ಇಲ್ಲ, ಬುಟ್ಟಿ ಹೊತ್ತು ಹೋಗಿ ಬರುವ ಕೆಲಸ ಒಂದು ಹೆಚ್ಚಾಗಿದೆ. ಬಸ್ಸಿನಲ್ಲಿ ಬೆಳ್ಳುಳ್ಳಿ ಸುಲಿಯುವುದೂ ಕಡಿಮೆಯಾಗಿದೆ. ಸಂಜೆ ಅವರಿಗೆ ಏನೇನು ಹೇಳಬೇಕೆಂದು ಯೋಚನೆ ಮಾಡುತ್ತಾ ಕೂತಿರುತ್ತೇನೆ.

ಮೊನ್ನೆ ಊಟ ಮುಗಿದಿತ್ತು. ಮಜ್ಜಿಗೆಯೂ ಆಗಿ ತಾಟು ಬರಿದಾಗಿತ್ತು. ಮಗಳು ಫೋನಿನಲ್ಲಿ ಹೇಳಿದ್ದೊಂದನ್ನು ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಎಂಜಲು ಕೈ ಒಣಗಬಾರದು ಎನ್ನುತ್ತಾರೆ, ಅತ್ತೆ ಕಂಡಿದ್ದರೆ ಇಬ್ಬರಿಗೂ ಬೈಗುಳ ಬೀಳುತ್ತಿತ್ತು. ಇಬ್ಬರ ಕೈಯೂ ಒಣಗಿತ್ತು. ಕೈ ತೊಳೆದರೆ ಅಂಗಡಿ ಮತ್ತೆ ಶುರುವಾಗುತ್ತದೆ. ಅವರು ಚೊಂಬಿನ ಕಡೆ ನೋಡಿ, ನನ್ನ ಕಡೆ ನೋಡಿದರು. ಒಂದು ನಿಮಿಷವನ್ನೂ ಸುಮ್ಮನೆ ಹೋಗಗೊಡದ ನಾನು ಎಡಗೈಯಿಂದ ಚೊಂಬನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದೆ. ಕಟ್ಟೆಯ ಮೇಲೆ ಕಾಯುತ್ತಿದ್ದವನು ಕತ್ತು ಚಾಚಿ ಒಳಗೆ ನೋಡಿ, ಪಕ್ಕದವನಿಗೆ ಹೇಳಿದ್ದು ಕೇಳಿಸಿತು: "ಇನ್ನಾ ಉಣ್ಣಾಕತ್ಯಾರ, ಕುಂದ್ರು."